ಡ್ರೋನ್ ಛಲೋ ಐತಿ, ಬ್ಯಾಟರಿ?

ನಾಸಿಕ್‌ನಲ್ಲಿ ಮದುವೆ ವಿಡಿಯೊ ಮಾಡುವವರ ನಡುವೆ ಹಳೆಯ ಡ್ರೋನ್ ಕೈ ಬದಲಾಗುವಾಗ, ಕ್ಯಾಮೆರಾ ಹೇಗಿದೆ, ಎಷ್ಟು ದೂರ ಹೋಗುತ್ತದೆ ಎಂದು ಕೇಳುವವರು ಹೊಸಬರು. ಪಳಗಿದವರ ಮೊದಲ ಪ್ರಶ್ನೆಯೇ ಬೇರೆ: ‘ಬ್ಯಾಟರಿ ಎಷ್ಟು ಕೊಡ್ತೀಯ? ಸೈಕಲ್ ಎಷ್ಟಾಗಿದೆ?’ ಅಂದರೆ ಎಷ್ಟು ಸಲ ಚಾರ್ಜ್ ಆಗಿದೆ ಎಂದು. ಉತ್ತರ ಹಿಡಿಸದಿದ್ದರೆ ಡ್ರೋನ್ ಚೀಲದಿಂದ ಹೊರಬರುವ ಮೊದಲೇ ವ್ಯಾಪಾರ ಮುರಿದುಬೀಳುತ್ತದೆ. ಡಿಜೆಐ ಕಂಪನಿಯ ಮ್ಯಾವಿಕ್ ಪ್ರೊ ಬಂದದ್ದು 2016ರಲ್ಲಿ. ಫ್ಯಾಂಟಮ್ 3 ಅದಕ್ಕೂ ಒಂದು ವರ್ಷ ಹಿಂದಿನದು. ಇವುಗಳ ಮೋಟಾರು ಈಗಲೂ ಗುಂಯ್‌ಗುಡುತ್ತದೆ, ಕ್ಯಾಮೆರಾ ಈಗಲೂ 4ಕೆ ಚಿತ್ರ ಕೊಡುತ್ತದೆ, ಮುರಿದ ರೆಕ್ಕೆಗೆ ಬದಲಿ ರೆಕ್ಕೆ ಸುಲಭವಾಗಿ ಸಿಗುತ್ತದೆ. ಸಿಗದಿರುವುದು ಬ್ಯಾಟರಿ ಮಾತ್ರ.

ಅಕ್ಕಲಕೋಟೆ ಕಡೆಯಿಂದ ಬಂದು ನಾಸಿಕ್‌ನಲ್ಲಿ ನೆಲೆನಿಂತ ನನ್ನ ಸೋದರಮಾವನ ಮಗ ಇದೇ ಕಸುಬಿನವನು. ಅವನ ಬಳಿ ಇರುವುದೂ ಮ್ಯಾವಿಕ್ ಪ್ರೊ. ಅವನನ್ನು ಕೇಳಿದರೆ ಒಂದೇ ಮಾತು: ‘ಏನ್ ಮಾಡೂದಣ್ಣಾ, ಡ್ರೋನ್ ಛಲೋ ಐತಿ, ಬ್ಯಾಟರಿಗೋಳು ಸತ್ತಾವು. ಕುದುರಿ ಐತಿ, ಹುಲ್ಲಿಲ್ಲ.’ ಹೊಸ ಕುದುರೆಯನ್ನೇ ಕೊಂಡುಬಿಡು ಎಂದೆ. ಅವನು ನಕ್ಕ. ಆ ನಗುವಿನ ಹಿಂದೆ ಒಂದು ಸರ್ಕಾರಿ ಅಧಿಸೂಚನೆ ಇದೆ.

2022ರ ಫೆಬ್ರುವರಿ 9ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಇಡಿಯಾಗಿ ತರುವಂತಿಲ್ಲ, ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸುವಂತೆಯೂ ಇಲ್ಲ. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಕ್ಕಷ್ಟೇ ವಿನಾಯಿತಿ. ಅದೇ ಅಧಿಸೂಚನೆಯ ಇನ್ನೊಂದು ಸಾಲು ಡ್ರೋನ್ ಬಿಡಿಭಾಗಗಳ ಆಮದಿಗೆ ಯಾವ ಅನುಮತಿಯೂ ಬೇಕಿಲ್ಲ ಎನ್ನುತ್ತದೆ. ದೇಶದಲ್ಲೇ ಡ್ರೋನ್ ತಯಾರಾಗಲಿ ಎಂಬುದು ಉದ್ದೇಶ. ಅದಕ್ಕಾಗಿ 2021ರಲ್ಲೇ 120 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹ ಯೋಜನೆಯೂ ಬಂದಿತ್ತು. ಉದ್ದೇಶ ಒಳ್ಳೆಯದೇ. ಆದರೆ ಅದರ ಒಂದು ಅಡ್ಡಪರಿಣಾಮವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಷ್ಟರೊಳಗೆ ದೇಶಕ್ಕೆ ಬಂದಿದ್ದ ಹಳೆಯ ಡ್ರೋನ್‌ಗಳೇ ಆಸ್ತಿಯಾದವು. 2020ರ ಜನವರಿಯಲ್ಲಿ ಸರ್ಕಾರ, ನಿಮ್ಮಲ್ಲಿರುವ ಡ್ರೋನ್ ಯಾವುದೇ ಇರಲಿ, ತಿಂಗಳ ಕೊನೆಯೊಳಗೆ ಸ್ವಯಂಪ್ರೇರಿತವಾಗಿ ಘೋಷಿಸಿ ಎಂದು ಅವಕಾಶ ಕೊಟ್ಟಿತ್ತು. ಆಗ ಘೋಷಿಸಿಕೊಂಡು ಸ್ವೀಕೃತಿ ಸಂಖ್ಯೆ ಪಡೆದವರ ಕೈಯಲ್ಲಿ ಕಾಗದಪತ್ರ ಇರುವ ಹಳೆಯ ಡ್ರೋನ್ ಇದೆ. ಅದನ್ನು ಬಿಟ್ಟು ಕಾಗದವಿಲ್ಲದ ಹೊಸತನ್ನು ಕಳ್ಳದಾರಿಯಲ್ಲಿ ಕೊಳ್ಳಲು ಬುದ್ಧಿವಂತರು ಹಿಂಜರಿಯುತ್ತಾರೆ. ಹಾಗಾಗಿ ಹಳೆಯದಕ್ಕೇ ಬ್ಯಾಟರಿ ಹುಡುಕಬೇಕು.

ಬಿಡಿಭಾಗ ತರಲು ಅನುಮತಿ ಬೇಡ ಎಂದಮೇಲೆ ಬ್ಯಾಟರಿ ಸಲೀಸಾಗಿ ಬರಬೇಕಲ್ಲ? ಬರುವುದಿಲ್ಲ. ಲಿಥಿಯಂ ಬ್ಯಾಟರಿ ಡ್ರೋನಿನ ಅಂಗವಾಗುವುದಕ್ಕೆ ಮೊದಲು ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಕಣ್ಣಿಗೆ ಬೀಳುವ ಸರಕು. ಐಎಸ್ 16046 ಎಂಬ ಮಾನಕದಡಿ ಅದಕ್ಕೆ ಕಡ್ಡಾಯ ನೋಂದಣಿ ಬೇಕು. ವಿದೇಶಿ ತಯಾರಕರು ಇಲ್ಲೊಬ್ಬ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕು, ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು, ಶುಲ್ಕ ಕಟ್ಟಬೇಕು. ತಯಾರಿಕೆಯೇ ನಿಂತುಹೋದ ಮಾದರಿಯೊಂದಕ್ಕೆ ಇಷ್ಟೆಲ್ಲ ಖರ್ಚು ಮಾಡುವವರು ಯಾರು? ಬಂದರೂ ಊರಿಗೆ ಹತ್ತು, ಜಿಲ್ಲೆಗೆ ಐವತ್ತು ಗಿರಾಕಿ. ತೆರಿಗೆಯೂ ಅಷ್ಟೇ ತಮಾಷೆಯದು. 2025ರ ಸೆಪ್ಟೆಂಬರ್ 22ರಿಂದ ಡ್ರೋನ್ ಮೇಲಿನ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಬಿಡಿಯಾಗಿ ಕೊಳ್ಳುವ ಲಿಥಿಯಂ ಬ್ಯಾಟರಿಗೆ ಶೇ 18.

ಠಾಣೆಯ ಕಪಾಟಿನಲ್ಲಿ

ನಾಸಿಕ್‌ಗೆ ಇನ್ನೊಂದು ವಿಶೇಷವಿದೆ. ದ್ರಾಕ್ಷಿ, ಈರುಳ್ಳಿ, ಕುಂಭಮೇಳದ ಊರು ಎಂದು ನಾವು ತಿಳಿದಿರುವ ಈ ಊರಿನ ಸುತ್ತಮುತ್ತ ದೇವಳಾಲಿಯ ಫಿರಂಗಿ ದಳದ ಶಾಲೆ, ಓಝರ್‌ನ ಎಚ್‌ಎಎಲ್ ಕಾರ್ಖಾನೆ, ನೋಟು ಅಚ್ಚು ಹಾಕುವ ಮುದ್ರಣಾಲಯ, ಗಾಂಧಿನಗರದ ಸೇನಾ ವೈಮಾನಿಕ ತರಬೇತಿ ಶಾಲೆ ಎಲ್ಲ ಇವೆ. 2022ರ ಆಗಸ್ಟ್‌ನಲ್ಲಿ ಈ ತರಬೇತಿ ಶಾಲೆಯ ಮೇಲೆ, ಮರು ತಿಂಗಳು ಡಿಆರ್‌ಡಿಒ ಆವರಣದ ಮೇಲೆ ಯಾರದೋ ಡ್ರೋನ್ ಹಾರಾಡಿದ್ದು ಕಂಡಿತು. ನಗರ ಪೊಲೀಸರು ಡ್ರೋನ್ ಇರುವವರೆಲ್ಲ ಅದನ್ನು ಹತ್ತಿರದ ಠಾಣೆಗೆ ಒಪ್ಪಿಸಬೇಕೆಂದು ಆದೇಶ ಹೊರಡಿಸಿದರು. ಮದುವೆ, ಸಮಾರಂಭವಿದ್ದರೆ ಅನುಮತಿ ಪಡೆದು ಒಯ್ಯಬೇಕಿತ್ತು, ಮತ್ತೆ ತಂದಿಡಬೇಕಿತ್ತು.

ಭದ್ರತೆಯ ಕಾರಣ ಸರಿಯೇ ಇರಬಹುದು. ಆದರೆ ಇಂಥ ಬ್ಯಾಟರಿ ಕಪಾಟಿನಲ್ಲಿ ಇಟ್ಟು ಮರೆಯುವ ವಸ್ತುವಲ್ಲ. ಪೂರ್ತಿ ಚಾರ್ಜ್ ಮಾಡಿ ಇಟ್ಟರೆ ಒಳಗಿನ ರಸಾಯನ ಬೇಗ ಹಳಸುತ್ತದೆ. ಪೂರ್ತಿ ಖಾಲಿ ಮಾಡಿ ಇಟ್ಟರೆ ಇನ್ನೂ ಕೆಟ್ಟದ್ದು. ಅರ್ಧ ತುಂಬಿಸಿ ಇಡಬೇಕು, ಮೂರು ತಿಂಗಳಿಗೊಮ್ಮೆ ತೆಗೆದು ಚಾರ್ಜ್ ಮಾಡಬೇಕು. ಡಿಜೆಐ ಬ್ಯಾಟರಿಗಳು ಬಳಸದೆ ಬಿಟ್ಟ ಹತ್ತು ದಿನದಲ್ಲಿ ತಾವಾಗಿಯೇ ಚಾರ್ಜನ್ನು ಕೊಂಚ ಇಳಿಸಿಕೊಳ್ಳುತ್ತವೆ. ಆಮೇಲೆ ಒಳಗಿನ ಸರ್ಕ್ಯೂಟ್ ಸಣ್ಣಗೆ ಮೇಯುತ್ತಲೇ ಇರುತ್ತದೆ. ಸೆಲ್‌ನ ವೋಲ್ಟೇಜ್ ಒಂದು ಮಟ್ಟಕ್ಕಿಂತ ಕುಸಿದರೆ ಅದು ಗಾಢ ನಿದ್ದೆಗೆ ಜಾರುತ್ತದೆ. ಇನ್ನೂ ಕುಸಿದರೆ ಏಳುವುದೇ ಇಲ್ಲ. ಠಾಣೆ ಎಂದೇನಲ್ಲ, ಕೊರೊನಾ ಕಾಲದಲ್ಲಿ ಮದುವೆಗಳೇ ನಿಂತಾಗ ಸ್ಟುಡಿಯೊ ಕಪಾಟುಗಳಲ್ಲೂ ಇದೇ ಆಯಿತು. ಹಾರಿಸಿ ಸವೆದ ಬ್ಯಾಟರಿಗಿಂತ ಹಾರಿಸದೆ ಸತ್ತ ಬ್ಯಾಟರಿಯೇ ಹೆಚ್ಚು ಎಂದು ರಿಪೇರಿಯವರು ಹೇಳುವುದು ಸುಮ್ಮನಲ್ಲ.

ನಾಸಿಕ್‌ನ ಎಂ.ಜಿ. ರೋಡ್ ಮೊಬೈಲ್ ಅಂಗಡಿಗಳ ಬೀದಿ. ಸೋದರಮಾವನ ಮಗನ ಜೊತೆ ಅಲ್ಲೊಂದು ರಿಪೇರಿ ಅಂಗಡಿಗೆ ಹೋಗಿದ್ದೆ. ಹುಡುಗ ಬ್ಯಾಟರಿಯನ್ನು ಕೈಗೆ ತೆಗೆದುಕೊಂಡವನೇ ಗುಂಡಿ ಒತ್ತಲಿಲ್ಲ, ಮೀಟರು ಹಿಡಿಯಲಿಲ್ಲ. ಗಾಜಿನ ಕೌಂಟರಿನ ಮೇಲೆ ಅಂಗಾತ ಇಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದ. ಅದು ಹಲಗೆಯಂತೆ ಕೂರುವ ಬದಲು ತೊಟ್ಟಿಲಿನಂತೆ ತೂಗಿತು. ‘ಫುಗ್ಲೀ ಆಹೇ, ದಾದಾ’ ಎಂದ. ಊದಿಕೊಂಡಿದೆ. ಮ್ಯಾವಿಕ್ ಪ್ರೊ ಬ್ಯಾಟರಿ ಡ್ರೋನಿನ ಬೆನ್ನ ಮೇಲೆ ಕೂರುತ್ತದೆ, ಅದರ ಮೇಲ್ಮೈಯೇ ಡ್ರೋನಿನ ಬೆನ್ನು. ಎರಡು ಬದಿಯ ಹಿಡಿಕೆಗಳು ಟಕ್ ಎಂದು ಕಚ್ಚಿಕೊಂಡರಷ್ಟೇ ಭದ್ರ. ಒಳಗಿನ ದ್ರಾವಣ ಒಡೆದು ಅನಿಲವಾಗಿ ಪೊಟ್ಟಣ ಉಬ್ಬಿದರೆ ಒಂದು ಬದಿ ಕಚ್ಚುತ್ತದೆ, ಇನ್ನೊಂದು ಬದಿ ಕಚ್ಚಿದಂತೆ ನಟಿಸುತ್ತದೆ. ಇದರ ಮೇಲೆ ಟೇಪು ಸುತ್ತಿ ಹಾರಿಸುವ ಮಹಾನುಭಾವರೂ ಇದ್ದಾರಂತೆ. ಅವರ ಧೈರ್ಯ ದೊಡ್ಡದು, ಕೆಳಗೆ ನಿಂತ ಬೀಗರದು ಇನ್ನೂ ದೊಡ್ಡದು.

ಹಿಡಿಕೆಯ ವಿಷಯದಲ್ಲಿ ನಗುವುದಕ್ಕೆ ಒಂದು ಮಿತಿ ಇರಬೇಕು. ಗೋಪ್ರೊ ಕಂಪನಿಯ ಕರ್ಮಾ ಎಂಬ ಡ್ರೋನ್ 2016ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂತು. ನವೆಂಬರ್ 8ರಂದು ಕಂಪನಿ ಮಾರಿದ ಸುಮಾರು 2,500 ಡ್ರೋನ್‌ಗಳನ್ನೂ ವಾಪಸ್ ಕರೆಸಿಕೊಂಡಿತು. ಹಾರಾಟದ ನಡುವೆ ವಿದ್ಯುತ್ ತಪ್ಪಿ ಕೆಲವು ನೆಲಕ್ಕೆ ಬಿದ್ದಿದ್ದವು. ಕಾರಣ, ಬ್ಯಾಟರಿಯನ್ನು ಹಿಡಿದಿಡಬೇಕಾದ ಕೊಂಡಿ. 2018ರಲ್ಲಿ ಗೋಪ್ರೊ ಡ್ರೋನ್ ವ್ಯವಹಾರಕ್ಕೇ ಕೈಮುಗಿಯಿತು. 2017ರಲ್ಲಿ ಡಿಜೆಐನ ಪುಟ್ಟ ಸ್ಪಾರ್ಕ್ ಡ್ರೋನ್‌ಗಳು ಗಾಳಿಯಲ್ಲೇ ಆರಿಹೋದ ದೂರು ಬಂದಾಗ ಕಂಪನಿ ಬ್ಯಾಟರಿಯ ತಂತ್ರಾಂಶ ಬದಲಿಸಿತು. ಸೆಪ್ಟೆಂಬರ್ 1ರೊಳಗೆ ಹೊಸದನ್ನು ಹಾಕಿಕೊಳ್ಳದ ಸ್ಪಾರ್ಕ್ ನೆಲ ಬಿಟ್ಟು ಏಳುವುದೇ ಇಲ್ಲ ಎಂದೂ ಘೋಷಿಸಿತು. ಕಾರಿನ ಬ್ಯಾಟರಿ ಕೈಕೊಟ್ಟರೆ ತಳ್ಳಬಹುದು. ಇಲ್ಲಿ ತಳ್ಳುವುದಕ್ಕೆ ಏನೂ ಉಳಿಯುವುದಿಲ್ಲ.

ಚೀಟಿಯ ಲೆಕ್ಕ

ಬ್ಯಾಟರಿಯ ಮೇಲಿನ ಚೀಟಿ ಓದಲು ಬಂದರೆ ಅರ್ಧ ಮೋಸ ತಪ್ಪುತ್ತದೆ. ಮ್ಯಾವಿಕ್ ಪ್ರೊ ಬ್ಯಾಟರಿಯ ಮೇಲೆ 3830 ಎಂಎಎಚ್, 11.4 ವೋಲ್ಟ್, 43.6 ವ್ಯಾಟ್ ಅವರ್ ಎಂದಿರುತ್ತದೆ. 3.83ನ್ನು 11.4ರಿಂದ ಗುಣಿಸಿ, ಸುಮಾರು 43.6 ಬರುತ್ತದೆ. ಗುಣಾಕಾರ ತಾಳೆಯಾಗದ ಚೀಟಿಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಮೂರು ಸೆಲ್ ಸಾಲಾಗಿ ಜೋಡಿಸಿದ್ದರಿಂದ ಒಂದೊಂದಕ್ಕೆ 3.8 ವೋಲ್ಟ್. ಇದು ಸಾಮಾನ್ಯ ಲಿಥಿಯಂ ಪಾಲಿಮರ್ ಸೆಲ್ ಅಲ್ಲ. ಸಾಮಾನ್ಯದ್ದು 3.7 ವೋಲ್ಟಿನದು, ತುಂಬಿದಾಗ 4.2 ಮುಟ್ಟುತ್ತದೆ. ಇದು 4.35ರವರೆಗೆ ಏರುವ ಹೈ ವೋಲ್ಟೇಜ್ ಜಾತಿ. ಮೇಲಿನ ಕವಚ ಅದೇ ಇಟ್ಟು ಒಳಗೆ ಕೀಳು ಜಾತಿಯ ಸೆಲ್ ತುಂಬಿ ಚಾರ್ಜರಿಗೆ ಹಾಕಿದರೆ ಅದು ಪ್ರತಿಬಾರಿಯೂ ಅಳತೆ ಮೀರಿ ತುಂಬಿಕೊಳ್ಳುತ್ತದೆ. ಊದುವುದು ಅಲ್ಲಿಂದಲೇ ಶುರು.

ಮೊಬೈಲ್ ಬ್ಯಾಟರಿ ಬೀದಿಗೊಂದು ಕಡೆ ಸಿಗುವಾಗ ಅದರ ಸೆಲ್‌ಗಳನ್ನೇ ಪೋಣಿಸಬಾರದೇ ಎಂದು ನನಗೂ ಅನ್ನಿಸಿತ್ತು. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಗಾಳಿಯಿಲ್ಲದ ಕಡೆ ಮ್ಯಾವಿಕ್ ಪ್ರೊ ಒಂದೇ ಜಾಗದಲ್ಲಿ 24 ನಿಮಿಷ ತೇಲುತ್ತದೆ ಎನ್ನುತ್ತದೆ ಕಂಪನಿ. 43.6 ವ್ಯಾಟ್ ಅವರ್ 24 ನಿಮಿಷದಲ್ಲಿ ಮುಗಿಯಬೇಕಾದರೆ ಸುಮಾರು 109 ವ್ಯಾಟ್ ಎಳೆಯಬೇಕು, ಅಂದರೆ ಹತ್ತು ಆಂಪಿಯರಿನ ಹತ್ತಿರ. ಮೇಲೇರುವಾಗ, ಗಾಳಿಗೆ ಎದುರಾಗಿ ಹೋಗುವಾಗ ಇನ್ನೂ ಹೆಚ್ಚು. ಮೊಬೈಲ್ ಸೆಲ್‌ಗೆ ಇಡೀ ದಿನ ಹನಿಹನಿಯಾಗಿ ಬಸಿದುಕೊಡುವ ಅಭ್ಯಾಸ. ಅದನ್ನು ಅರ್ಧ ಗಂಟೆಯೊಳಗೆ ಸುರಿದುಬಿಡು ಎಂದರೆ ವೋಲ್ಟೇಜ್ ಕುಸಿಯುತ್ತದೆ, ಸೆಲ್ ಕಾಯುತ್ತದೆ, ಡ್ರೋನ್ ಬೀಳುತ್ತದೆ.

ನಮ್ಮ ತಲೆಮಾರಿನವರಿಗೆ ಬಿಎಲ್-5ಸಿ ಎಂದರೆ ಸಾಕು, ಕಣ್ಣಮುಂದೆ ನೋಕಿಯಾ ಬರುತ್ತದೆ. 2007ರ ಆಗಸ್ಟ್‌ನಲ್ಲಿ, ಮತ್ಸುಶಿತಾ ಕಂಪನಿ ಮಾಡಿಕೊಟ್ಟಿದ್ದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಕಾಯಬಹುದು ಎಂದು ನೋಕಿಯಾ ಎಚ್ಚರಿಸಿದಾಗ ಜನ ಫೋನ್ ಬಿಚ್ಚಿ ನಂಬರ್ ಓದಿಕೊಂಡು ಸಾಲು ನಿಂತಿದ್ದರು. ಆ ಭಯ ಕಳೆದುಹೋಯಿತು, ಬ್ಯಾಟರಿ ಉಳಿಯಿತು. ಭಜನೆ ಪೆಟ್ಟಿಗೆ, ಎಫ್‌ಎಂ ರೇಡಿಯೊ, ಟಾರ್ಚ್, ಎಲ್ಲದರೊಳಗೂ ಇವತ್ತಿಗೂ ಅದೇ ಅಳತೆಯ ಬ್ಯಾಟರಿ ಕೂರುತ್ತದೆ. ಅಳತೆ ಒಂದೇ ಆದದ್ದರಿಂದ ಯಾರು ಬೇಕಾದರೂ ಮಾಡಿದರು, ಎಲ್ಲಿ ಬೇಕಾದರೂ ಸಿಕ್ಕಿತು. ಡ್ರೋನ್ ಕಂಪನಿಗಳು ಹಿಡಿದದ್ದು ಇದರ ತದ್ವಿರುದ್ಧ ದಾರಿ. ಫ್ಯಾಂಟಮ್ 3ರ ಬ್ಯಾಟರಿ ಫ್ಯಾಂಟಮ್ 4ಕ್ಕೆ ಕೂರದು. ಮ್ಯಾವಿಕ್ ಪ್ರೊದ್ದು ಮ್ಯಾವಿಕ್ 2ಕ್ಕೆ ಆಗದು. ಅಪ್ಪಿತಪ್ಪಿ ಹೊಂದಿಕೊಳ್ಳುವ ಜೋಡಿಗಳೂ ಇವೆ, ತಿಳಿದಿದ್ದರೆ ಹುಡುಕಾಟ ಅರ್ಧ ಕಡಿಮೆಯಾಗುತ್ತದೆ. ಫ್ಯಾಂಟಮ್ 4ಕ್ಕೆ ಅದರ ತಮ್ಮನಾದ 4 ಪ್ರೊದ 5870 ಎಂಎಎಚ್ ಬ್ಯಾಟರಿ ಆಗುತ್ತದೆ. ಮ್ಯಾವಿಕ್ ಪ್ರೊ ಮತ್ತು ಪ್ಲಾಟಿನಂ ಒಂದನ್ನೊಂದು ಒಪ್ಪುತ್ತವೆ.

ಈಗ ಕೊಳ್ಳುವ ಮಾತು. ಅಂಗಡಿಯಲ್ಲಿ ಎದುರಿಗಿಡುವ ಮಾಲು ಸಾಮಾನ್ಯವಾಗಿ ಮೂರು ಬಗೆಯದು. ಅತಿ ಹೆಚ್ಚು ಮೋಸ ಹೋಗುವುದು ಮೊದಲ ಬಗೆಯಲ್ಲಿ. ಸೀಲು ಒಡೆಯದ ಡಬ್ಬಿ, ಕಂಪನಿಯ ಹೊಳೆಯುವ ಸ್ಟಿಕ್ಕರ್, ಎಲ್ಲ ಸಾಚಾ. ಆದರೆ ಒಳಗಿನದು 2017ರಲ್ಲೋ 2018ರಲ್ಲೋ ತಯಾರಾದದ್ದು. ಬಳಸದಿದ್ದರೂ ಲಿಥಿಯಂ ಸೆಲ್‌ಗೆ ವಯಸ್ಸಾಗುತ್ತದೆ, ಉಗ್ರಾಣ ಬಿಸಿಯಾಗಿದ್ದರೆ ಇನ್ನೂ ಬೇಗ. ಸೀಲು ಇದೆ ಎಂಬುದು ಹೊಸದು ಎಂಬುದಕ್ಕೆ ಸಾಕ್ಷಿಯಲ್ಲ. ಹಳೆಯ ಮಾದರಿಯ ವಿಷಯದಲ್ಲಿ ಅನೇಕ ಸಲ ಹಳೆಯದು ಎಂಬುದಕ್ಕೇ ಸಾಕ್ಷಿ. ಮದುವೆ ಸೀಸನ್ನಿನ ಹಿಂದಿನ ವಾರ ಡಬ್ಬಿ ತೆರೆದು ಚಾರ್ಜಿಗೆ ಹಾಕಿದರೆ ಒಂದು ದೀಪ ಮಿಣುಕಿ ಆರುತ್ತದೆ.

ಎರಡನೆಯದು ಬಳಸಿದ ಬ್ಯಾಟರಿ. ನನ್ನ ಮಟ್ಟಿಗೆ, ಸರಿಯಾಗಿ ನೋಡಿಕೊಂಡರೆ ಇದೇ ವಾಸಿ, ಏಕೆಂದರೆ ಇದು ಸುಳ್ಳು ಹೇಳುವುದು ಕಡಿಮೆ. ಡ್ರೋನಿಗೆ ಹಾಕಿ ಆ್ಯಪ್ ತೆರೆದರೆ ಎಷ್ಟು ಸಲ ಚಾರ್ಜ್ ಆಗಿದೆ, ಒಂದೊಂದು ಸೆಲ್‌ನ ವೋಲ್ಟೇಜ್ ಎಷ್ಟು ಎಂದು ತೋರಿಸುತ್ತದೆ. ಇನ್ನೂರು ಸೈಕಲ್ ಸಮೀಪಿಸಿದ ಬ್ಯಾಟರಿಗೆ ಹಣ ಸುರಿಯಬೇಡಿ. ಅದಕ್ಕಿಂತ ಮುಖ್ಯ, ಮೂರು ಸೆಲ್‌ಗಳ ಅಂಕಿ ಒಂದಕ್ಕೊಂದು ಹತ್ತಿರವಿರಬೇಕು. ನೆಲದ ಮೇಲೆ ಎಲ್ಲವೂ ಸರಿ ಎಂದೇ ಕಾಣುತ್ತದೆ. ಮೊಣಕಾಲೆತ್ತರಕ್ಕೆ ಏರಿಸಿ ಐದು ನಿಮಿಷ ತೇಲಿಸಬೇಕು, ಆಗ ದುರ್ಬಲ ಸೆಲ್ ತಾನಾಗಿಯೇ ಹಿಂದೆ ಬೀಳುತ್ತದೆ. ಒಂದೇ ಸಮ ನಡೆಯುತ್ತಿದ್ದ ಮೂವರಲ್ಲಿ ಒಬ್ಬ ಕುಂಟಿದರೆ ಆ ಬ್ಯಾಟರಿ ಬೇಡ. ಮಾರುವವನು ಹಾರಿಸಿ ನೋಡಲು ಬಿಡದಿದ್ದರೆ ಅದೇ ಉತ್ತರ.

ಮೂರನೆಯದು ಚೀನಾದಿಂದ ಬರುವ ‘ಕಂಪ್ಯಾಟಿಬಲ್’. ಇವುಗಳಲ್ಲಿ ಒಳ್ಳೆಯವೂ ಇವೆ ಎಂದು ಬಳಸಿದವರು ಹೇಳುತ್ತಾರೆ. ಅದೇ ಗಾತ್ರ, ಅದೇ ತೂಕದೊಳಗೆ ಕಂಪನಿಯದ್ದಕ್ಕಿಂತ ಬಹಳ ಹೆಚ್ಚು ಎಂಎಎಚ್ ಬರೆದಿದ್ದರೆ ನಂಬುವ ಮೊದಲು ತಕ್ಕಡಿಗೆ ಹಾಕಿ. ಮ್ಯಾವಿಕ್ ಪ್ರೊದ ಅಸಲಿ ಬ್ಯಾಟರಿ 240 ಗ್ರಾಂ ಆಸುಪಾಸು. ಚಿನ್ನ ತೂಗುವವರ ಊರಲ್ಲಿ ಇದೇನು ಕಷ್ಟದ ಕೆಲಸವಲ್ಲ. ಬಿಐಎಸ್ ಗುರುತಿನ ಪಕ್ಕದ ಆರ್ ಅಕ್ಷರದ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಸಂಖ್ಯೆ ಇಲ್ಲದ್ದಕ್ಕೆ, ಬಿಲ್ ಕೊಡದವನಿಗೆ ವಾರಂಟಿಯ ಮಾತೇ ಇಲ್ಲ. ಕಂಪನಿಯೇ ಬ್ಯಾಟರಿಗೆ ಕೊಡುತ್ತಿದ್ದ ವಾರಂಟಿ ಆರು ತಿಂಗಳದ್ದು ಎಂಬುದೂ ನೆನಪಿರಲಿ.

ಇನ್ನು ಕೆಲವರು ಕವಚ ಬಿಚ್ಚಿ ಹೊಸ ಸೆಲ್ ಹಾಕಿಕೊಡುತ್ತಾರೆ. ಮುಂಬೈನ ಲ್ಯಾಮಿಂಗ್ಟನ್ ರೋಡ್, ನಮ್ಮ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಬೆಸುಗೆ ಹಾಕುವ ಕೈಗಳಿಗೇನೂ ಬರವಿಲ್ಲ. ತೊಡಕಿರುವುದು ಬೆಸುಗೆಯಲ್ಲಲ್ಲ, ಚಿಪ್‌ನಲ್ಲಿ. ಈ ಬ್ಯಾಟರಿಯೊಳಗೆ ಚಾರ್ಜಿನ ಲೆಕ್ಕ ಇಡುವ ಗುಮಾಸ್ತನೊಬ್ಬ ಕೂತಿದ್ದಾನೆ. ಸೆಲ್ ಬದಲಿಸುವಾಗ ವೋಲ್ಟೇಜ್ ಏರುಪೇರಾದರೆ ‘ಶಾಶ್ವತ ದೋಷ’ ಎಂದು ಬರೆದುಕೊಂಡು ಬಾಗಿಲು ಹಾಕಿಬಿಡುತ್ತಾನೆ. ಆಮೇಲೆ ಅಪ್ಪಟ ಹೊಸ ಸೆಲ್ ಇದ್ದರೂ ಪ್ರಯೋಜನವಿಲ್ಲ. ಕಂಪ್ಯೂಟರಿಗೆ ಜೋಡಿಸಿ ಆ ಬೀಗ ತೆಗೆಯುವ ತಂತ್ರಾಂಶಗಳು ಹವ್ಯಾಸಿಗಳ ಬಳಿ ಇವೆ. ಬೀಗ ಇರುವುದು ಸುರಕ್ಷತೆಗಾಗಿ ಎನ್ನುತ್ತವೆ ಕಂಪನಿಗಳು, ಅದರಲ್ಲಿ ಸುಳ್ಳಿಲ್ಲ. ಆದರೆ ತಾನೇ ಬ್ಯಾಟರಿ ಮಾಡುವುದನ್ನು ನಿಲ್ಲಿಸಿದ ಮೇಲೂ ಬೀಗದ ಕೈ ತನ್ನಲ್ಲೇ ಇಟ್ಟುಕೊಳ್ಳುವುದು ಯಾವ ನ್ಯಾಯ?

ಆಕಾಶದಲ್ಲಿ ಬಾರದ ಸರಕು

ಹಾರುವ ಯಂತ್ರದ ಬ್ಯಾಟರಿ ತಾನೇ ಹಾರಿ ಬರುವುದು ಕಷ್ಟ. 2016ರ ಏಪ್ರಿಲ್‌ನಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವಂತಿಲ್ಲ. ಸರಕು ವಿಮಾನದಲ್ಲಾದರೂ ಚಾರ್ಜ್ ಶೇ 30 ಮೀರಿರಬಾರದು. ಇದರಿಂದ ಕೊಳ್ಳುವವರಿಗೆ ಒಂದು ಸುಳಿವೂ ಸಿಗುತ್ತದೆ. ಡಿಜೆಐ ಮಿನಿಯಂಥ ಮಾದರಿಗಳ ಹೊಸ ಬ್ಯಾಟರಿ ನಿದ್ದೆಯಲ್ಲೇ ಬರುತ್ತದೆ, ಚಾರ್ಜರಿಗೆ ಹಾಕಿದರಷ್ಟೇ ಕಣ್ಣು ಬಿಡುತ್ತದೆ. ಡಬ್ಬಿಯಿಂದ ತೆಗೆದ ಕೂಡಲೇ ಗುಂಡಿ ಒತ್ತಿದರೆ ನಾಲ್ಕೂ ದೀಪ ಹೊತ್ತಿಕೊಂಡಿತೆಂದರೆ ನಿಮಗಿಂತ ಮೊದಲು ಯಾರೋ ಅದನ್ನು ಎಬ್ಬಿಸಿದ್ದಾರೆ.

ದೇಶದೊಳಗೆ ಬ್ಯಾಟರಿ ರಸ್ತೆಯಲ್ಲೇ ಬರಬೇಕು. ಕೊರಿಯರಿನವರು ಚೀಟಿಯ ಮೇಲೆ ‘ಬ್ಯಾಟರಿ’ ಎಂದು ಕಂಡರೆ ಮುಖ ಸಿಂಡರಿಸುತ್ತಾರೆ, ಕಳಿಸುವವರು ‘ಆಟಿಕೆ’ ಎಂದು ಬರೆಯುತ್ತಾರೆ. ಈ ಸುಳ್ಳು ಅಪಾಯದ್ದು. ದುಬೈಯಿಂದಲೋ ಸಿಂಗಪುರದಿಂದಲೋ ಬರುವ ನೆಂಟರಿಗೆ ಹೇಳುವುದು ಇನ್ನೊಂದು ದಾರಿ. 100 ವ್ಯಾಟ್ ಅವರ್ ಒಳಗಿನ ಬ್ಯಾಟರಿಯನ್ನು ಕೈಚೀಲದಲ್ಲಿ ತರಬಹುದು, ತುದಿಗಳಿಗೆ ಟೇಪು ಹಚ್ಚಿರಬೇಕು, ಲಗೇಜಿಗೆ ಹಾಕುವಂತಿಲ್ಲ. ಫ್ಯಾಂಟಮ್ 4 ಪ್ರೊ ಬ್ಯಾಟರಿ 89.2. ಅಳತೆಯೊಳಗೇ ಇದೆ. ಕಸ್ಟಮ್ಸ್‌ನವರ ಪ್ರಶ್ನೆ ಇದಕ್ಕೆ ಹೊರತಾದದ್ದು.

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ಯೇವಲಾ, ವೈಜಾಪುರದ ಮೇಲೆ ಹೋದರೆ ಇನ್ನೂರು ಕಿಲೊಮೀಟರಿನೊಳಗೆ. ಎರಡು ಊರಿನ ವಿಡಿಯೊದವರೂ ಪರಸ್ಪರ ಬಲ್ಲವರು. ತಪೋವನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರ ಕೈಯಲ್ಲಿ ಬ್ಯಾಟರಿ ಸೆಟ್ಟುಗಳು ಹೋಗಿಬರುವುದುಂಟು. ಮುಹೂರ್ತ ಒಂದೇ ದಿನ ಬಿದ್ದರೆ ಸ್ನೇಹಕ್ಕೆ ಪರೀಕ್ಷೆ. ಆದರೆ ಬ್ಯಾಟರಿಗೆ ಈ ಎರಡು ಊರುಗಳು ಎರಡು ಬಗೆಯ ಶತ್ರು. ನಾಸಿಕ್ ಜಿಲ್ಲೆಯ ನಿಫಾಡದಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿಳಿದದ್ದುಂಟು. ದ್ರಾಕ್ಷಿ ತೋಟದವರು ಬಳ್ಳಿ ಕಾಯಲು ಬೆಂಕಿ ಹಾಕುವ ಚಳಿ ಅದು. ಪ್ರೀ ವೆಡ್ಡಿಂಗ್ ಜೋಡಿಗಳಿಗೆ ಬೇಕಾದದ್ದೂ ಅದೇ ಹೊತ್ತಿನ ಮಂಜು, ಅದೇ ದ್ರಾಕ್ಷಿ ಚಪ್ಪರ. ಚಳಿಯಲ್ಲಿ ಹಳೆಯ ಸೆಲ್‌ನ ಒಳ ಪ್ರತಿರೋಧ ಏರಿ ಶೇ 60 ಎಂದು ತೋರಿಸುತ್ತಿದ್ದುದು ಒಮ್ಮೆಲೇ ಬೋರಲು ಬೀಳುತ್ತದೆ. ಬಲ್ಲವರು ಬ್ಯಾಟರಿಯನ್ನು ಜಾಕೀಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿ, ಎದೆಯೆತ್ತರದಲ್ಲಿ ಒಂದು ನಿಮಿಷ ತೇಲಿಸಿ ಆಮೇಲೆ ಏರಿಸುತ್ತಾರೆ.

ಸಂಭಾಜಿನಗರದ ಮೇ ತಿಂಗಳು ಇದರ ವಿರುದ್ಧ. ಮರಾಠವಾಡದ ಬಿಸಿಲು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಡ್ರೋನಿಗೆ ಕಂಪನಿ ಹಾಕಿದ ಗಡಿ 40. ಹಾರಿ ಇಳಿದ ಬ್ಯಾಟರಿ ಕೈಗೆ ಸುಡುತ್ತದೆ, ತಣಿಯುವವರೆಗೆ ಚಾರ್ಜರ್ ಅದನ್ನು ಮುಟ್ಟುವುದೇ ಇಲ್ಲ. ಮಂಗಲ ಕಾರ್ಯಾಲಯದ ಕೂಲರಿನ ಮುಂದೆ ವರನ ಕಡೆಯವರಿಗಿಂತ ಮೊದಲು ಬ್ಯಾಟರಿಗಳು ಸಾಲಾಗಿ ಕೂತಿರುತ್ತವೆ. ಫ್ರಿಜ್ಜಿಗೆ ಮಾತ್ರ ಇಡಬಾರದು, ಹೊರತೆಗೆದಾಗ ತೇವ ಕೂರುತ್ತದೆ.

ಆ ಊರಿಗೆ ಹೋದ ಕನ್ನಡಿಗ ವೇರೂಳ, ಅಂದರೆ ಎಲ್ಲೋರಕ್ಕೆ ಹೋಗದೆ ಬರುವುದುಂಟೆ? ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸನಾಥ ದೇವಾಲಯವನ್ನು ಆಕಾಶದಿಂದ ನೋಡುವ ಆಸೆ ಎಲ್ಲ ಡ್ರೋನಿನವರಿಗೂ ಇದೆ. ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬೇಕಾಗಿಯೂ ಇಲ್ಲ. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡೆದ ಗುಡಿಯದು. ಪಕ್ಕದ ಬಂಡೆ ಹತ್ತಿದರೆ ಗೋಪುರದ ನೆತ್ತಿ ಕಣ್ಣಮಟ್ಟಕ್ಕಿಂತ ಕೆಳಗೆ ಕಾಣುತ್ತದೆ.

ಸಂಭಾಜಿನಗರದ ಊರೊಳಗೆ ಪೈಠಣ್ ಗೇಟ್ ಬಳಿಯ ಮೊಬೈಲ್ ಅಂಗಡಿಗಳಲ್ಲಿ ಫೋನಿನದು ಏನು ಕೇಳಿದರೂ ಇದೆ, ಡ್ರೋನ್ ಬ್ಯಾಟರಿ ಎಂದರೆ ‘ಆರ್ಡರ್ ಹಾಕಿ ತರಿಸಬೇಕು’. ಅದೇ ಜಿಲ್ಲೆಯ ಆರಿಕ್ ಕೈಗಾರಿಕಾ ನಗರದಲ್ಲಿ ಬೆಂಗಳೂರಿನ ಏಥರ್ ಎನರ್ಜಿ ತನ್ನ ಹೊಸ ಕಾರ್ಖಾನೆ ಕಟ್ಟುವುದಾಗಿ 2024ರ ಜೂನ್‌ನಲ್ಲಿ ಪ್ರಕಟಿಸಿತು. ವರ್ಷಕ್ಕೆ ಹತ್ತು ಲಕ್ಷದವರೆಗೆ ಸ್ಕೂಟರ್, ಅಷ್ಟೇ ಬ್ಯಾಟರಿ ಪ್ಯಾಕ್. ಲಕ್ಷಗಟ್ಟಲೆ ಬ್ಯಾಟರಿ ಜೋಡಿಸಲಿರುವ ಜಿಲ್ಲೆಯಲ್ಲಿ 240 ಗ್ರಾಮಿನ ಒಂದು ಸಿಗುವುದಿಲ್ಲ. ಸ್ಕೂಟರಿನ ಸೆಲ್ ಬೇರೆ, ಡ್ರೋನಿನ ಸೆಲ್ ಬೇರೆ, ಒಪ್ಪುತ್ತೇನೆ. ಆದರೂ ಹೊಟ್ಟೆ ಉರಿಯುತ್ತದೆ.

ಸತ್ತ ಬ್ಯಾಟರಿಗಳ ಗತಿ ಏನು ಎಂಬುದನ್ನೂ ಹೇಳಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮದ ಪ್ರಕಾರ ಮನೆಯ ಕಸದ ಜೊತೆ ಎಸೆಯುವಂತಿಲ್ಲ, ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು ಮತ್ತು ಆಮದುದಾರರದು. ಆಮದುದಾರನೇ ಯಾರೆಂದು ಗೊತ್ತಿಲ್ಲದ ಬ್ಯಾಟರಿಯನ್ನು ಯಾರ ಮನೆ ಬಾಗಿಲಿಗೆ ಒಯ್ಯುವುದು? ಎಂ.ಜಿ. ರೋಡಿನ ಆ ಹುಡುಗ ಊದದ ಹಳೆಯ ಬ್ಯಾಟರಿಗಳಿಗೆ ಕಾರಿನ ಹೆಡ್‌ಲೈಟ್ ಬಲ್ಬ್ ಜೋಡಿಸಿ ಅದು ಆರುವವರೆಗೆ ಖಾಲಿ ಮಾಡುತ್ತಾನೆ. ಊದಿದವನ್ನು ಮುಟ್ಟದೆ ಅಂಗಡಿಯ ಹಿಂದೆ ಮರಳು ತುಂಬಿದ ಮಡಕೆಯಲ್ಲಿ ಹೂತಿಡುತ್ತಾನೆ. ಚುಚ್ಚಿದರೆ ಹೊತ್ತಿಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತು. ಗುಜರಿಯವನಿಗೆ ಗೊತ್ತಿರಬೇಕೆಂದಿಲ್ಲ.

ಇದು ಮದುವೆ ವಿಡಿಯೊದವರ ಗೋಳು ಮಾತ್ರ ಎಂದುಕೊಳ್ಳಬೇಡಿ. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಗೆ 1,261 ಕೋಟಿ ರೂಪಾಯಿ, 15 ಸಾವಿರ ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧಿ ಸಿಂಪಡಿಸುವ ಡ್ರೋನ್, ಬೆಲೆಯ ಶೇ 80 ಅಥವಾ 8 ಲಕ್ಷದವರೆಗೆ ಸಹಾಯಧನ. ಯೋಜನೆ ಬರೆದವರಿಗೆ ಬ್ಯಾಟರಿಯ ಮಹಿಮೆ ತಿಳಿದಿತ್ತು. ಡ್ರೋನಿನ ಜೊತೆ ಬರುವುದಲ್ಲದೆ ಹೆಚ್ಚುವರಿಯಾಗಿ ನಾಲ್ಕು ಸೆಟ್ ಬ್ಯಾಟರಿ ಪ್ಯಾಕೇಜಿನಲ್ಲೇ ಸೇರಿವೆ. ಅಷ್ಟಿದ್ದರೆ ದಿನಕ್ಕೆ 20 ಎಕರೆ ಸಿಂಪಡಿಸಬಹುದು ಎಂಬ ಲೆಕ್ಕ. ಒಂದು ವರ್ಷದ ವಾರಂಟಿಯೂ ಇದೆ. ದಿನಕ್ಕೆ ಹತ್ತಾರು ಸಲ ಏರಿ ಇಳಿಯುವ ಡ್ರೋನಿನಲ್ಲಿ ಸೈಕಲ್‌ಗಳು ಎಷ್ಟು ಬೇಗ ಓಡುತ್ತವೆ ಎಂಬುದನ್ನು ನಾಸಿಕ್ ಜಿಲ್ಲೆಯ ದಿಂಡೋರಿಯ ದ್ರಾಕ್ಷಿ ತೋಟದಲ್ಲೂ ಲೆಕ್ಕ ಹಾಕಬಹುದು, ನಮ್ಮ ವಿಜಯಪುರದ ತಿಕೋಟಾದಲ್ಲೂ ಹಾಕಬಹುದು. ಐದು ಸೆಟ್ ಸವೆದ ಮೇಲೆ ಆರನೆಯದನ್ನು ಸಂಘದ ಹಣದಲ್ಲಿ ಕೊಳ್ಳಬೇಕು, ಅದೂ ಶೇ 18 ಜಿಎಸ್‌ಟಿ ಸೇರಿಸಿ.